ಕಾಲೆತ್ತಿದರೆ ನಿಲ್ಲುವ ಕಾರು: ನಾಲವಾರ ಸೀಮೆಯ ಚಾಲಕರಿಗೊಂದು ಬಹಿರಂಗ ಪತ್ರ

ನಾಲವಾರ, ವಾಡಿ, ಚಿತ್ತಾಪುರ, ಶಹಾಬಾದ್, ಸೇಡಂ ಮತ್ತು ಚಿಂಚೋಳಿ ಭಾಗದ ಬಾಡಿಗೆ ವಾಹನ ಚಾಲಕರಿಗೆ, ವಾಹನ ಮಾಲೀಕರಿಗೆ ಹಾಗೂ ಚಾಲನಾ ತರಬೇತಿ ಶಾಲೆಗಳನ್ನು ನಡೆಸುವವರಿಗೆ.



ವರ್ಷಗಟ್ಟಲೆ ಡೀಸೆಲ್ ಗಾಡಿ ಓಡಿಸಿದ ಕಾಲು ಮೊದಲ ಸಲ ವಿದ್ಯುತ್ ಕಾರಿನ ಪೆಡಲಿನ ಮೇಲೆ ಕೂತಾಗ ಎದುರಾಗುವ ಗೊಂದಲ ಒಂದೇ: ಎಕ್ಸಲೇಟರಿನಿಂದ ಕಾಲು ತೆಗೆದ ಕೂಡಲೇ ಗಾಡಿ ತನ್ನ ಪಾಡಿಗೆ ಉರುಳಿಕೊಂಡು ಹೋಗುವ ಬದಲು, ಯಾರೋ ಹಿಂದಿನಿಂದ ಹಿಡಿದೆಳೆದಂತೆ ವೇಗ ಕಳೆದುಕೊಳ್ಳುತ್ತದೆ. ಇದನ್ನು ಕೆಲವರು ಗಾಡಿಯ ದೋಷವೆಂದು ಬಗೆಯುತ್ತಾರೆ, ಮತ್ತೆ ಕೆಲವರು ಪುಕ್ಕಟೆ ಚಾರ್ಜಿಂಗ್ ಎಂದು ಹಿಗ್ಗುತ್ತಾರೆ, ಇನ್ನು ಕೆಲವರು ಬ್ರೇಕ್ ಪೆಡಲಿನ ಕಾಲವೇ ಮುಗಿಯಿತೆಂದು ಮಾತಾಡುತ್ತಾರೆ. ಮೊದಲನೆಯದು ತಪ್ಪು, ಎರಡನೆಯದು ಅರ್ಧ ಸತ್ಯ, ಮೂರನೆಯದು ಅಪಾಯ. ಈ ಮೂರನ್ನೂ ಬಿಡಿಸಿ ಹೇಳುವುದಕ್ಕಾಗಿ, ಅದರಲ್ಲಿಯೂ ಮೂರನೆಯದಕ್ಕಾಗಿ, ಈ ಪತ್ರ.

ವಿದ್ಯುತ್ ಮೋಟಾರು ಮತ್ತು ವಿದ್ಯುತ್ ಜನರೇಟರು ಬೇರೆ ಬೇರೆ ಯಂತ್ರಗಳಲ್ಲ. ಕರೆಂಟು ಕೊಟ್ಟರೆ ತಿರುಗುವ ಯಂತ್ರವೇ, ಬೇರೆಯವರು ತಿರುಗಿಸಿದರೆ ಕರೆಂಟು ಕೊಡುತ್ತದೆ. ಓಡುತ್ತಿರುವ ಕಾರಿನಲ್ಲಿ ಚಾಲಕನು ಎಕ್ಸಲೇಟರನ್ನು ಸಡಿಲಿಸಿದಾಗ ಕಾರಿನ ನಿಯಂತ್ರಕವು ಮೋಟಾರನ್ನು ಜನರೇಟರಾಗಿ ಮಾರ್ಪಡಿಸುತ್ತದೆ. ಆಗ ಚಕ್ರಗಳೇ ಮೋಟಾರನ್ನು ತಿರುಗಿಸಬೇಕಾಗುತ್ತದೆ, ಹಾಗೆ ತಿರುಗಿಸುವಾಗ ಆಯಸ್ಕಾಂತೀಯ ಎಳೆತವು ಚಕ್ರಗಳಿಗೆ ಎದುರಾಗಿ ನಿಲ್ಲುತ್ತದೆ, ಗಾಡಿಯ ವೇಗ ಕುಗ್ಗುತ್ತದೆ, ಹುಟ್ಟಿದ ವಿದ್ಯುತ್ತು ಇನ್ವರ್ಟರಿನ ಮೂಲಕ ಹಾದು ಬ್ಯಾಟರಿಗೆ ಮರಳುತ್ತದೆ. ಇದಕ್ಕೆ ಪುನರುತ್ಪಾದಕ ಬ್ರೇಕಿಂಗ್ ಎಂದು ಹೆಸರು. ಶೋರೂಮಿನವರ ಮತ್ತು ಚಾಲಕರ ಬಾಯಲ್ಲಿ ಅದು ಬರೀ ರಿಜೆನ್. ಈ ರಿಜೆನ್ನನ್ನು ಸಾಕಷ್ಟು ಬಲವಾಗಿ ಇಟ್ಟು, ಕೊನೆಯ ನಾಲ್ಕಾರು ಕಿಲೋಮೀಟರ್ ವೇಗವನ್ನೂ ಗಾಡಿಯೇ ಇಳಿಸಿಕೊಂಡು ಪೂರ್ತಿ ನಿಲ್ಲುವಂತೆ ಮಾಡಿದರೆ, ಓಡಿಸುವುದಕ್ಕೂ ನಿಲ್ಲಿಸುವುದಕ್ಕೂ ಒಂದೇ ಪೆಡಲು ಸಾಕಾಗುತ್ತದೆ. ಒಂದೇ ಪೆಡಲಿನ ಚಾಲನೆ ಎಂಬುದು ಇದೇ. ಎಲ್ಲ ಕಾರುಗಳಲ್ಲಿಯೂ ಇದು ಇಲ್ಲವೆಂಬುದನ್ನು ಇಲ್ಲಿಯೇ ಗಮನಿಸಬೇಕು. ರಿಜೆನ್ನಿನ ಅತಿ ಹೆಚ್ಚಿನ ಹಂತದಲ್ಲಿಟ್ಟರೂ ಕೆಲವು ಕಾರುಗಳು ಕೊನೆಗೆ ನಿಲ್ಲದೆ ನಿಧಾನವಾಗಿ ತೆವಳುತ್ತವೆ, ಅವುಗಳಲ್ಲಿ ಪೂರ್ತಿ ನಿಲುಗಡೆಗೆ ಬ್ರೇಕ್ ಒತ್ತಲೇಬೇಕು. ಒಂದು ಕಂಪನಿಯ ಗಾಡಿಯಿಂದ ಇಳಿದು ಇನ್ನೊಂದರಲ್ಲಿ ಕೂರುವ ಬಾಡಿಗೆ ಚಾಲಕನಿಗೆ ಈ ವ್ಯತ್ಯಾಸ ಮೊದಲೇ ಗೊತ್ತಿರದಿದ್ದರೆ ಮುಂದಿನ ಗಾಡಿಯ ಬಂಪರು ಅದನ್ನು ಕಲಿಸುತ್ತದೆ.

ಇದು ನಿನ್ನೆ ಮೊನ್ನೆ ಹುಟ್ಟಿದ ವಿದ್ಯೆಯಲ್ಲ. ಕನ್ನಡ ನಾಡಿನಲ್ಲಿಯೇ, 2001ರಲ್ಲಿ ಬೆಂಗಳೂರಿನಿಂದ ಮಾರುಕಟ್ಟೆಗೆ ಬಂದ ರೇವಾ ಎಂಬ ಪುಟ್ಟ ವಿದ್ಯುತ್ ಕಾರು, ಸೀಸ-ಆಮ್ಲದ ಬ್ಯಾಟರಿಗಳನ್ನು ಹೊತ್ತುಕೊಂಡೇ, ವೇಗ ಇಳಿಸುವಾಗ ಒಂದಿಷ್ಟು ಶಕ್ತಿಯನ್ನು ಮರಳಿ ಪಡೆಯುತ್ತಿತ್ತು. ಅದಕ್ಕಿಂತಲೂ ಹತ್ತಿರದ ಉದಾಹರಣೆ ಈ ಪತ್ರವನ್ನು ಓದುವವರ ಕಣ್ಣ ಮುಂದೆಯೇ ದಿನವೂ ಹಾದುಹೋಗುತ್ತದೆ. 1871ರಲ್ಲಿ ಮುಂಬಯಿ ಕಡೆಯ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯು ರಾಯಚೂರು ತಲುಪಿದ ಹಳಿಯ ಮೇಲೆ ನಾಲವಾರ ನಿಲ್ದಾಣವಿದೆ; 1874ರಲ್ಲಿ ನಿಜಾಮರ ರೈಲುಮಾರ್ಗವು ಸಿಕಂದರಾಬಾದಿನಿಂದ ಬಂದು ಕೂಡಿಕೊಂಡದ್ದರಿಂದ ವಾಡಿ ಜಂಕ್ಷನ್ನಾಯಿತು. ಉಗಿಬಂಡಿ ಹೋಗಿ ಡೀಸೆಲ್ ಬಂದು, ಈಗ ತಂತಿಯ ಕೆಳಗೆ ಓಡುವ ಡಬ್ಲ್ಯೂಎಜಿ-9 ಮಾದರಿಯ ವಿದ್ಯುತ್ ಇಂಜಿನ್ನುಗಳು ಕಲ್ಲಿದ್ದಲು ಮತ್ತು ಸಿಮೆಂಟಿನ ಗೂಡ್ಸ್ ಗಾಡಿಗಳನ್ನು ಎಳೆಯುತ್ತಿವೆ. 1990ರ ದಶಕದ ನಡುವೆ ಭಾರತಕ್ಕೆ ಬಂದ ಈ ಮೂರು ಫೇಸಿನ ಇಂಜಿನ್ನುಗಳು ವೇಗ ಇಳಿಸುವಾಗ ತಮ್ಮ ಮೋಟಾರುಗಳನ್ನು ಜನರೇಟರುಗಳಾಗಿಸಿ, 25,000 ವೋಲ್ಟಿನ ಮೇಲ್ತಂತಿಗೆ ವಿದ್ಯುತ್ತನ್ನು ಹಿಂದಿರುಗಿಸುತ್ತವೆ; ಅದೇ ತಂತಿಯಡಿ ಏರು ಹತ್ತುತ್ತಿರುವ ಮತ್ತೊಂದು ಗಾಡಿ ಅದನ್ನು ಬಳಸಿಕೊಳ್ಳಬಹುದು. ಕಾರಿಗೆ ಆ ಸೌಕರ್ಯವಿಲ್ಲ, ಅದು ತನ್ನ ಗಳಿಕೆಯನ್ನು ತನ್ನ ಬ್ಯಾಟರಿಯಲ್ಲಿಯೇ ಇಟ್ಟುಕೊಳ್ಳಬೇಕು.

ರೈಲಿನ ಉದಾಹರಣೆಯಲ್ಲಿ ಚಾಲಕರು ಮುಖ್ಯವಾಗಿ ಗಮನಿಸಬೇಕಾದದ್ದು ಬೇರೆಯೇ ಇದೆ. ರಿಜೆನ್ ಕೆಲಸ ಮಾಡುವುದು ಇಂಜಿನ್ನಿನ ಚಕ್ರಗಳ ಮೇಲೆ ಮಾತ್ರ. ಹಿಂದಿರುವ ಹತ್ತಾರು ವ್ಯಾಗನ್ನುಗಳನ್ನು ಹಿಡಿದು ನಿಲ್ಲಿಸುವುದು ಗಾಳಿಯ ಒತ್ತಡದ ಬ್ರೇಕು. ಲೋಕೋ ಪೈಲಟ್ ರಿಜೆನ್ನಿನಿಂದ ವೇಗವನ್ನು ಹದಕ್ಕೆ ತರುತ್ತಾನೆಯೇ ಹೊರತು, ಎದುರಿಗೆ ಕೆಂಪು ಸಿಗ್ನಲ್ ಕಂಡಾಗ ಅದೊಂದನ್ನೇ ನಂಬಿ ಕೂರುವುದಿಲ್ಲ. ಹಳಿಯ ಮೇಲಿನ ಈ ವಿವೇಕವು ಪಕ್ಕದ ಡಾಂಬರು ರಸ್ತೆಗೆ ಇನ್ನೂ ದಾಟಿಬಂದಿಲ್ಲ.

ಪುಕ್ಕಟೆ ಚಾರ್ಜಿಂಗ್ ಎಂಬ ಮಾತನ್ನು ಲೆಕ್ಕಕ್ಕೆ ಹಚ್ಚಿ ನೋಡಬಹುದು. ಪ್ರಯಾಣಿಕರೂ ಸೇರಿ 1,500 ಕಿಲೋ ತೂಗುವ ಕಾರು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುವಾಗ ಅದರ ಚಲನೆಯಲ್ಲಿ ಅಡಗಿರುವ ಶಕ್ತಿ ಸುಮಾರು 58 ವ್ಯಾಟ್-ಗಂಟೆ. ಮೀಟರಿನಲ್ಲಿ ಓಡುವ ಒಂದು ಯೂನಿಟ್ಟೆಂದರೆ 1,000 ವ್ಯಾಟ್-ಗಂಟೆ. ಚಕ್ರದಿಂದ ಮೋಟಾರಿಗೆ, ಮೋಟಾರಿನಿಂದ ಬ್ಯಾಟರಿಗೆ, ಅಲ್ಲಿಂದ ಮತ್ತೆ ಚಕ್ರಕ್ಕೆ ಬರುವಷ್ಟರಲ್ಲಿ ಪ್ರತಿ ಮೆಟ್ಟಿಲಿನಲ್ಲೂ ಸೋರಿಕೆಯಿರುವುದರಿಂದ ಮೂರರಲ್ಲಿ ಎರಡು ಪಾಲು ಕೈಗೆ ಹತ್ತಿತೆಂದು ಹಿಡಿದರೂ ಉಳಿಯುವುದು 39 ವ್ಯಾಟ್-ಗಂಟೆ, ಅಂದರೆ ಆ ಕಾರನ್ನು ಸುಮಾರು 300 ಮೀಟರ್ ಓಡಿಸುವಷ್ಟು. ಹೀಗೆ 60ರ ವೇಗದಿಂದ ಇಪ್ಪತ್ತೈದು ಸಲ ನಿಂತರೆ ಒಂದು ಯೂನಿಟ್ ಉಳಿಯುತ್ತದೆ. ಇದು ಸಣ್ಣ ಉಳಿತಾಯವಲ್ಲ, ಡೀಸೆಲ್ ಗಾಡಿಯಲ್ಲಿ ಇಷ್ಟೂ ಬ್ರೇಕ್ ಪ್ಯಾಡಿನ ಬಿಸಿಯಾಗಿ ಗಾಳಿಗೆ ಹೋಗುತ್ತಿತ್ತು. ಆದರೆ ಇದು ಗಳಿಕೆಯಲ್ಲ, ಈಗಾಗಲೇ ಖರ್ಚು ಮಾಡಿದ್ದರಲ್ಲಿ ಒಂದು ಪಾಲಿನ ವಾಪಸಾತಿ. ಖಾಲಿ ರಸ್ತೆಯಲ್ಲಿ ಒಂದೇ ಸಮನೆ ಓಡುವಾಗ ರಿಜೆನ್ನಿನಿಂದ ಬರುವುದು ಶೂನ್ಯ, ಏಕೆಂದರೆ ಅಲ್ಲಿ ಶಕ್ತಿಯನ್ನು ತಿನ್ನುವುದು ಗಾಳಿಯ ತಡೆ ಮತ್ತು ಟೈರಿನ ಘರ್ಷಣೆ, ಅವುಗಳಿಂದ ಏನನ್ನೂ ಮರಳಿ ಕೇಳುವಂತಿಲ್ಲ. ಸುಮ್ಮಸುಮ್ಮನೆ ವೇಗ ಏರಿಸಿ, ಮತ್ತೆ ರಿಜೆನ್ನಿನಿಂದ ಇಳಿಸಿ, ಚಾರ್ಜು ಏರುವುದನ್ನು ಡಿಸ್‌ಪ್ಲೇಯಲ್ಲಿ ನೋಡಿ ಸಂತೋಷಪಡುವುದು ಒಂದು ರೂಪಾಯಿ ಕೊಟ್ಟು ಹತ್ತಾಣೆ ವಾಪಸು ಪಡೆದು ಲಾಭವೆಂದಂತೆ. ಹಂಪು ದೂರದಲ್ಲಿ ಕಂಡಾಗಲೇ ವೇಗವನ್ನು ಹದಗೊಳಿಸಿ, ನಿಲ್ಲುವ ಪ್ರಸಂಗವನ್ನೇ ತಪ್ಪಿಸುವ ಚಾಲಕನಿಗೆ ಅತಿ ಹೆಚ್ಚಿನ ಉಳಿತಾಯ. ರಿಜೆನ್ನಿನದು ಎರಡನೆಯ ಸ್ಥಾನ.

ಇಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಸೇರಿಸಿ ಹೇಳಬೇಕು. ಬ್ರೇಕ್ ಪೆಡಲ್ ಒತ್ತಿದರೆ ಶಕ್ತಿಯೆಲ್ಲ ಹಾಳು ಎಂಬ ನಂಬಿಕೆ ಬಹಳ ಕಡೆ ಇದೆ. ಅನೇಕ ಕಾರುಗಳಲ್ಲಿ ಬ್ರೇಕ್ ಪೆಡಲನ್ನು ಹಗುರವಾಗಿ ಒತ್ತಿದಾಗಲೂ ಗಾಡಿ ಮೊದಲು ರಿಜೆನ್ನನ್ನೇ ಬಳಸುತ್ತದೆ, ಅದು ಸಾಲದಾದಾಗ ಮಾತ್ರ ಪ್ಯಾಡುಗಳು ಡಿಸ್ಕನ್ನು ಹಿಡಿಯುತ್ತವೆ. ಅಂಥ ಗಾಡಿಯಲ್ಲಿ ಒಂದು ಪೆಡಲಿನಿಂದ ನಿಲ್ಲಿಸಿದರೂ ಎರಡು ಪೆಡಲಿನಿಂದ ನಿಲ್ಲಿಸಿದರೂ ಬ್ಯಾಟರಿಗೆ ಮರಳುವ ಶಕ್ತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರುವುದಿಲ್ಲ. ಈ ಹೊಂದಾಣಿಕೆ ಇಲ್ಲದ ಗಾಡಿಗಳೂ ಇವೆ. ತನ್ನ ಗಾಡಿ ಯಾವ ಬಗೆಯದೆಂದು ಕೊಳ್ಳುವಾಗಲೇ ಕೇಳಿ ತಿಳಿಯುವುದು ಮಾಲೀಕನ ಕೆಲಸ.

ಚಿಂಚೋಳಿ ಕಡೆಯ ಚಾಲಕರಿಗೆ ಒಂದು ಮಾತು ಪ್ರತ್ಯೇಕವಾಗಿ. ಚಿತ್ತಾಪುರ, ಸೇಡಂ ಕಡೆಯ ಎರೆಭೂಮಿ ಬಹುಪಾಲು ಮಟ್ಟಸ, ಕುಂಚಾವರಂ ಕಾಡಿನ ಕಡೆ ಮಾತ್ರ ಏರಿಳಿತವಿದೆ. ಇಳಿಜಾರು ಬಂದೊಡನೆ ಗಾಡಿಯನ್ನು ನ್ಯೂಟ್ರಲ್ಲಿಗೆ ಹಾಕಿ ಉರುಳಲು ಬಿಡುವ ಹಳೆಯ ಚಟ ಡೀಸೆಲ್ ಉಳಿಸುವ ಹೆಸರಿನಲ್ಲಿ ತಲೆಮಾರುಗಳಿಂದ ನಡೆದು ಬಂದಿದೆ. ಇಂದಿನ ಡೀಸೆಲ್ ಇಂಜಿನ್ನಿನಲ್ಲಿ ಅದು ಉಳಿತಾಯವೂ ಅಲ್ಲ, ಏಕೆಂದರೆ ಗೇರಿನಲ್ಲಿಟ್ಟು ಎಕ್ಸಲೇಟರ್ ಬಿಟ್ಟರೆ ಇಂಧನ ಪೂರೈಕೆಯೇ ನಿಲ್ಲುತ್ತದೆ, ನ್ಯೂಟ್ರಲ್ಲಿಗೆ ಹಾಕಿದರೆ ಇಂಜಿನ್ ಜೀವಂತವಾಗಿರಲು ಡೀಸೆಲ್ ಕುಡಿಯುತ್ತಲೇ ಇರುತ್ತದೆ. ವಿದ್ಯುತ್ ಕಾರಿನಲ್ಲಿ ನ್ಯೂಟ್ರಲ್ ಎಂದರೆ ರಿಜೆನ್ನಿನ ಹಿಡಿತವನ್ನೂ ಕಳೆದುಕೊಂಡು, ಬರಬೇಕಾದ ಚಾರ್ಜನ್ನೂ ಬಿಟ್ಟುಕೊಟ್ಟಂತೆ. ಅದೇ 1,500 ಕಿಲೋ ಕಾರು 100 ಮೀಟರ್ ಎತ್ತರದಿಂದ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 400 ವ್ಯಾಟ್-ಗಂಟೆ, ಅಂದರೆ 60ರ ವೇಗದ ಏಳು ನಿಲುಗಡೆಗಳಿಗೆ ಸಮ. ನಿಜವಾದ ವಾಪಸಾತಿ ಇಳಿಜಾರಿನಲ್ಲಿಯೇ ಇದೆ.

ಇಳಿಜಾರಿನ ಲೆಕ್ಕವನ್ನು ಸುಣ್ಣಕಲ್ಲಿನ ಗಣಿಗಳಿರುವ ಸೀಮೆಯವರಿಗೆ ಹೇಳುವಾಗ ಸ್ವಿಟ್ಜರ್ಲೆಂಡಿನ ಒಂದು ಸಿಮೆಂಟ್ ಗಣಿಯನ್ನು ನೆನೆಯದೆ ಇರಲಾಗುವುದಿಲ್ಲ. ಅಲ್ಲಿ ಕೊಮಾಟ್ಸು ಡಂಪರೊಂದನ್ನು ಬ್ಯಾಟರಿಗೆ ಮಾರ್ಪಡಿಸಿ, ಗುಡ್ಡದ ಮೇಲಿನ ಗಣಿಯಿಂದ ಸುಮಾರು 65 ಟನ್ ಕಲ್ಲು ಹೇರಿ ಕೆಳಗಿಳಿಸಿದಾಗ, ಇಳಿಯುವಾಗಿನ ರಿಜೆನ್ನಿನಿಂದ ತುಂಬಿಕೊಂಡ ಶಕ್ತಿಯೇ ಖಾಲಿ ಡಂಪರು ಮತ್ತೆ ಮೇಲೇರಲು ಹೆಚ್ಚುಕಡಿಮೆ ಸಾಕಾಯಿತು. ವಾಡಿ, ಮಳಖೇಡ, ಸೇಡಂ ಕಡೆಗಳಲ್ಲಿ ಇದನ್ನು ಕೇಳಿದವರಿಗೆ ಆಸೆ ಹುಟ್ಟುವುದು ಸಹಜ, ಆದರೆ ಇಲ್ಲಿನ ಗಣಿ ಗುಡ್ಡದ ಮೇಲಿಲ್ಲ, ನೆಲದೊಳಗಿದೆ. ಡಂಪರು ಖಾಲಿಯಾಗಿ ಇಳಿದು, ಹೇರು ಹೊತ್ತು ಏರುತ್ತದೆ. ಭೂಮಿಯ ಆಕಾರವೇ ತಿರುವುಮುರುವಾದ ಕಡೆ ರಿಜೆನ್ ಅಂಥ ಪವಾಡ ಮಾಡಲಾರದು. ಹೊರಗಿನ ಅಂಕಿಗಳನ್ನು ಕೇಳಿದಾಗ ಸ್ವಂತ ರಸ್ತೆಯ ಏರಿಳಿತವನ್ನು ಮೊದಲು ನೋಡಿಕೊಳ್ಳಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಿಕ್ಕಿಲ್ಲ.

ಈಗ ಅಪಾಯದ ವಿಷಯ. ಬಲವಾದ ರಿಜೆನ್ನು ಪ್ರತಿ ಸೆಕೆಂಡಿಗೆ ವೇಗವನ್ನು ಸೆಕೆಂಡಿಗೆ 2 ಮೀಟರಿನಷ್ಟು, ಅಂದರೆ ಗಂಟೆಗೆ 7 ಕಿಲೋಮೀಟರಿನಷ್ಟು ಕುಗ್ಗಿಸುತ್ತದೆಂದು ಇಟ್ಟುಕೊಳ್ಳೋಣ. 60ರ ವೇಗದಲ್ಲಿರುವ ಗಾಡಿ ಅದೊಂದರಿಂದಲೇ ನಿಲ್ಲಲು ಸುಮಾರು 70 ಮೀಟರ್ ಬೇಕು. ಅದೇ ಗಾಡಿಯ ಬ್ರೇಕ್ ಪೆಡಲನ್ನು ಒಣ ರಸ್ತೆಯಲ್ಲಿ ಪೂರ್ತಿ ಒತ್ತಿದರೆ 20 ಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಎರಡರ ನಡುವಿನ 50 ಮೀಟರಿನಲ್ಲಿ ಒಂದು ಎಮ್ಮೆ, ಶಾಲೆ ಬಿಟ್ಟು ಓಡಿಬರುವ ಒಂದು ಮಗು, ತೊಗರಿ ಮೂಟೆ ಹೇರಿಕೊಂಡು ಹಿಂದಿನ ದೀಪವಿಲ್ಲದೆ ಕತ್ತಲಲ್ಲಿ ಹೊರಟ ಒಂದು ಟ್ರ್ಯಾಕ್ಟರು, ಎಲ್ಲಕ್ಕೂ ಜಾಗವಿದೆ. ಮೊದಲೇ ಕಂಡ ನಿಲುಗಡೆಗೆ ರಿಜೆನ್, ಕಾಣದೆ ಬಂದ ನಿಲುಗಡೆಗೆ ಬ್ರೇಕ್: ಇವೆರಡೂ ಬೇರೆ ಬೇರೆ ಕೆಲಸಗಳು. ತಿಂಗಳುಗಟ್ಟಲೆ ಒಂದೇ ಪೆಡಲಿನಿಂದ ಎಲ್ಲವನ್ನೂ ನಿಭಾಯಿಸಿದ ಬಲಗಾಲು ಗಾಬರಿಯ ಗಳಿಗೆಯಲ್ಲಿ ಎಡಕ್ಕೆ ಸರಿದು ಬ್ರೇಕನ್ನು ಹುಡುಕಲು ಮರೆಯಬಹುದು. ಅದಕ್ಕಿಂತ ಕೆಟ್ಟದ್ದೆಂದರೆ, ಇದ್ದಲ್ಲಿಯೇ ಜೋರಾಗಿ ಒತ್ತಿಬಿಡಬಹುದು. ವಿದ್ಯುತ್ ಮೋಟಾರು ಡೀಸೆಲ್ ಇಂಜಿನ್ನಿನಂತೆ ಗೊಣಗಿಕೊಂಡು ಏಳುವುದಿಲ್ಲ, ಒತ್ತಿದ ಕ್ಷಣವೇ ಮುನ್ನುಗ್ಗುತ್ತದೆ. ಜಗತ್ತಿನಲ್ಲಿ ಅತಿ ಹೆಚ್ಚು ವಿದ್ಯುತ್ ಕಾರುಗಳು ಓಡುವ ಚೀನಾ ದೇಶವು 2025ರಲ್ಲಿ ಪ್ರಕಟಿಸಿದ ಬ್ರೇಕ್ ಮಾನದಂಡದಲ್ಲಿ, ಗಾಡಿ ಚಾಲೂ ಮಾಡಿದಾಗ ತಾನಾಗಿ ಬರುವ ಸ್ಥಿತಿಯಲ್ಲಿ ಕೇವಲ ಎಕ್ಸಲೇಟರ್ ಬಿಟ್ಟ ಮಾತ್ರಕ್ಕೆ ಕಾರು ಪೂರ್ತಿ ನಿಲ್ಲಕೂಡದೆಂದು ವಿಧಿಸಿರುವುದು ಗಮನಾರ್ಹ. ಒಂದೇ ಪೆಡಲಿನ ಚಾಲನೆಯನ್ನು ಅದು ನಿಷೇಧಿಸಿಲ್ಲ, ಬೇಕಾದವರು ತಾವೇ ಆಯ್ದುಕೊಳ್ಳಲಿ ಎಂದಿದೆ. ಈ ನಿಲುವು ಸರಿಯಾದದ್ದೆಂದೇ ತೋರುತ್ತದೆ.

ಹಿಂದೆ ಬರುವವರ ದೃಷ್ಟಿಯಿಂದಲೂ ನೋಡಬೇಕು. ಬ್ರೇಕ್ ಪೆಡಲನ್ನು ಮುಟ್ಟದೆಯೇ ವೇಗ ಇಳಿಯುವ ಗಾಡಿಯ ಕೆಂಪು ದೀಪ ಯಾವಾಗ ಹೊತ್ತಬೇಕು? ವಿಶ್ವಸಂಸ್ಥೆಯಡಿ ರೂಪುಗೊಂಡ ವಾಹನ ನಿಯಮದ ಪ್ರಕಾರ, ವೇಗದ ಇಳಿಕೆ ಸೆಕೆಂಡಿಗೆ 1.3 ಮೀಟರನ್ನು ಮೀರಿದರೆ, ಅಂದರೆ ಪ್ರತಿ ಸೆಕೆಂಡಿಗೆ ಗಂಟೆಗೆ 4.7 ಕಿಲೋಮೀಟರಿನಷ್ಟು ಕುಸಿಯುವಾಗ, ದೀಪ ಹೊತ್ತಲೇಬೇಕು, 0.7 ಮೀಟರಿನವರೆಗಿನ ಇಳಿಕೆಗೆ ಹೊತ್ತಕೂಡದು. ನಡುವಿನದು ತಯಾರಕರ ಇಚ್ಛೆ. ಆ ನಡುವಿನ ಅಂತರದಲ್ಲಿ ಇಳಿಯುತ್ತಿರುವ ಗಾಡಿಯ ಹಿಂದೆ ಸಿಮೆಂಟ್ ಲಾರಿಯೊಂದು ಅಂಟಿಕೊಂಡು ಬರುತ್ತಿದ್ದರೆ ಅದರ ಚಾಲಕನಿಗೆ ಯಾವ ಸೂಚನೆಯೂ ಸಿಗದಿರಬಹುದು. ಹೇರು ತುಂಬಿದ ಲಾರಿ ಕಾರಿನಷ್ಟು ಬೇಗ ನಿಲ್ಲುವುದಿಲ್ಲವೆಂಬುದು ಈ ರಸ್ತೆಗಳಲ್ಲಿ ಓಡಾಡುವ ಯಾರಿಗೂ ಹೊಸದಾಗಿ ಹೇಳಬೇಕಾದದ್ದಲ್ಲ. ಕನ್ನಡಿಯಲ್ಲಿ ಲಾರಿ ಕಂಡಾಗ ಬ್ರೇಕ್ ಪೆಡಲನ್ನು ಹಗುರವಾಗಿ ಮುಟ್ಟಿ ದೀಪ ಹೊತ್ತಿಸುವುದು ಒಂದು ಸಣ್ಣ ಸೌಜನ್ಯ, ಸ್ವಂತ ಡಿಕ್ಕಿಯ ರಕ್ಷಣೆಯೂ ಹೌದು.

ರಸ್ತೆಯ ಮೇಲ್ಮೈಯದು ಮತ್ತೊಂದು ಕಥೆ. ಶಹಾಬಾದ್, ಚಿತ್ತಾಪುರ ಕಡೆಯ ಪರ್ಸಿ ಕಲ್ಲು ಕೊಯ್ಯುವ, ಪಾಲಿಶ್ ಮಾಡುವ ಘಟಕಗಳಿಂದ ಹರಿದ ಕಲ್ಲಿನ ರಾಡಿಯಾಗಲಿ, ಸಿಮೆಂಟಿನ ಧೂಳಿನ ಮೇಲೆ ಬಿದ್ದ ಮೊದಲ ಮಳೆಯ ಹನಿಯಾಗಲಿ ಡಾಂಬರನ್ನು ಸಾಬೂನು ಸವರಿದಂತೆ ಮಾಡುತ್ತದೆ. ಒಂದೇ ಮೋಟಾರಿನ ಕಾರಿನಲ್ಲಿ ರಿಜೆನ್ನಿನ ಎಳೆತ ಬೀಳುವುದು ಮೋಟಾರು ಜೋಡಿಸಿದ ಎರಡು ಚಕ್ರಗಳ ಮೇಲೆ ಮಾತ್ರ, ಬ್ರೇಕಿನಂತೆ ನಾಲ್ಕರ ಮೇಲಲ್ಲ. ತಿರುವಿನ ನಡುವೆ ಒಮ್ಮೆಲೇ ಕಾಲೆತ್ತಿದರೆ ಆ ಎರಡು ಚಕ್ರಗಳು ಹಿಡಿತ ತಪ್ಪಬಹುದು. ಜಾರುವಿಕೆಯನ್ನು ತಡೆಯುವ ವ್ಯವಸ್ಥೆಗಳು ಇಂದಿನ ಕಾರುಗಳಲ್ಲಿ ಇದ್ದರೂ, ಅವು ಕೆಲಸಕ್ಕಿಳಿದ ಕ್ಷಣ ರಿಜೆನ್ ಸಡಿಲವಾಗಿ ಗಾಡಿ ಮುಂದಕ್ಕೆ ಜಿಗಿದಂಥ ಭಾಸವಾಗುತ್ತದೆ. ಅಂಥ ರಸ್ತೆಗೆ ರಿಜೆನ್ನನ್ನು ಕಡಿಮೆ ಹಂತಕ್ಕೆ ಇಳಿಸುವುದೇ ಲೇಸು.

ರಿಜೆನ್ನು ಎಲ್ಲ ಹೊತ್ತಿನಲ್ಲೂ ಒಂದೇ ಬಲದಲ್ಲಿರುವುದಿಲ್ಲ ಎಂಬುದನ್ನು ಗಾಡಿ ಕೊಡುವಾಗ ಹೇಳುವವರು ಕಡಿಮೆ. ತುಂಬಿದ ಕೊಡಕ್ಕೆ ಮತ್ತೆ ನೀರು ಹಿಡಿಯದು. ರಾತ್ರಿಯಿಡೀ ಚಾರ್ಜಿಗೆ ಹಾಕಿ, ಬೆಳಗಿನ ರೈಲಿಗೆ ಬಂದ ಪ್ರಯಾಣಿಕರನ್ನು ನಾಲವಾರ ನಿಲ್ದಾಣದಿಂದ ಸನ್ನತಿಗೆ ಕರೆದೊಯ್ಯಲು ಹೊರಟ ಕಾರಿನ ಬ್ಯಾಟರಿ ನೂರಕ್ಕೆ ನೂರು ತುಂಬಿರುತ್ತದೆ. ಮೊದಲ ಕೆಲವು ಕಿಲೋಮೀಟರಿನಲ್ಲಿ ರಿಜೆನ್ ಸೋತಂತಿರುತ್ತದೆ, ನಿನ್ನೆ ಸಂಜೆ ಕಾಲೆತ್ತಿದ ಕೂಡಲೇ ನಿಂತ ಗಾಡಿ ಇಂದು ಬೆಳಿಗ್ಗೆ ಮುಂದಕ್ಕೇ ಹೋಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಸೀಮೆಯ ಬಿಸಿಲಿನಲ್ಲಿ ಬ್ಯಾಟರಿ ವಿಪರೀತ ಕಾದಾಗಲೂ ಅದರ ನಿಯಂತ್ರಕ ತನ್ನೊಳಗೆ ಬರುವ ಕರೆಂಟನ್ನು ಮಿತಗೊಳಿಸಬಹುದು. ಕೆಲವು ಕಾರುಗಳು ಈ ಕೊರತೆಯನ್ನು ಪ್ಯಾಡಿನ ಬ್ರೇಕಿನಿಂದ ತಾವೇ ತುಂಬಿಕೊಳ್ಳುತ್ತವೆ, ಎಲ್ಲವೂ ಅಲ್ಲ.

ಬಳಸದ ಬ್ರೇಕು ಕೆಡುತ್ತದೆ ಎಂಬುದೂ ಇದರ ಜೊತೆಗೇ ಬರುವ ಸಂಗತಿ. ಪ್ಯಾಡುಗಳು ವರ್ಷಾನುಗಟ್ಟಲೆ ಸವೆಯುವುದಿಲ್ಲವೆಂಬುದು ಮಾಲೀಕನಿಗೆ ಲಾಭ, ಆದರೆ ಪ್ಯಾಡು ಉಜ್ಜದ ಕಬ್ಬಿಣದ ಡಿಸ್ಕು ಮಳೆಗಾಲದಲ್ಲಿ ತುಕ್ಕು ಹಿಡಿದು, ಬೇಕಾದಾಗ ಕಿರುಗುಟ್ಟಿ, ಒರಟಾಗಿ ಹಿಡಿಯುತ್ತದೆ. ಫೋಕ್ಸ್‌ವ್ಯಾಗನ್ ಕಂಪನಿಯು ತನ್ನ ಐಡಿ.3, ಐಡಿ.4 ವಿದ್ಯುತ್ ಕಾರುಗಳ ಹಿಂಚಕ್ರಗಳಿಗೆ ಡಿಸ್ಕಿನ ಬದಲು ಹಳೆಯ ಕಾಲದ ಡ್ರಮ್ ಬ್ರೇಕನ್ನೇ ಆರಿಸಿಕೊಂಡದ್ದಕ್ಕೆ, ಮುಚ್ಚಿದ ಡ್ರಮ್ಮಿನೊಳಗೆ ತುಕ್ಕು ಕಡಿಮೆ ಎಂಬುದೂ ಒಂದು ಕಾರಣ.

ಇಷ್ಟು ಹೇಳಿದ ಮೇಲೆ, ಒಂದೇ ಪೆಡಲಿನ ಚಾಲನೆಯೇ ಬೇಡವೆಂಬುದು ಈ ಪತ್ರದ ಅಭಿಪ್ರಾಯವೆಂದು ಯಾರೂ ತಿಳಿಯಬಾರದು. ನಾಲವಾರದ ಕೋರಿಸಿದ್ಧೇಶ್ವರ ಮಠದ ಜಾತ್ರೆಯ ದಿನ ಆ ದಾರಿಯಲ್ಲಿ ಜನ, ಬಂಡಿ, ಟಂಟಂಗಳ ನಡುವೆ ಹೆಜ್ಜೆ ಹೆಜ್ಜೆಗೂ ನಿಂತು ಹೊರಡುವಾಗ, ಕ್ಲಚ್ಚು, ಬ್ರೇಕು, ಎಕ್ಸಲೇಟರುಗಳ ನಡುವೆ ಕುಣಿದು ಮೊಣಕಾಲು ನೋಯಿಸಿಕೊಂಡವರಿಗೆ ಅದೊಂದು ವರವೇ ಸರಿ. ಕಲಿಯುವ ಬಗೆ ಮಾತ್ರ ತಿಳಿದಿರಬೇಕು. ಡೀಸೆಲ್ ಗಾಡಿಯಲ್ಲಿ ಎಕ್ಸಲೇಟರಿನಿಂದ ಕಾಲನ್ನು ಎತ್ತಿಬಿಡುವುದು ರೂಢಿ. ಇಲ್ಲಿ ಎತ್ತುವುದಲ್ಲ, ಸಡಿಲಿಸುವುದು. ಹಿಮ್ಮಡಿಯನ್ನು ನೆಲಕ್ಕೆ ಊರಿ, ಬೆರಳ ತುದಿಯನ್ನು ಪೆಡಲಿನಿಂದ ಬಿಡಿಸದೆ, ಪಾದವನ್ನು ಇಂಚಿಂಚಾಗಿ ಹಿಂದಕ್ಕೆ ಬಾಗಿಸುತ್ತ ಬಂದರೆ ಪೆಡಲಿನ ನಡುವೆಲ್ಲೋ ಗಾಡಿ ಎಳೆಯುವುದನ್ನೂ ಬಿಟ್ಟು, ತಡೆಯುವುದನ್ನೂ ಆರಂಭಿಸದ ಒಂದು ತಟಸ್ಥ ಬಿಂದು ಸಿಗುತ್ತದೆ. ಆ ಬಿಂದುವನ್ನು ಕಾಲು ಗುರುತು ಹಿಡಿಯುವವರೆಗೆ ಪ್ರಯಾಣಿಕರನ್ನು ಕೂರಿಸಿಕೊಳ್ಳದಿರುವುದು ಒಳ್ಳೆಯದು, ಏಕೆಂದರೆ ಅದು ಗೊತ್ತಿಲ್ಲದ ಚಾಲಕನ ಗಾಡಿಯಲ್ಲಿ ಹಿಂದೆ ಕೂತವರ ತಲೆ ಹುಂಜದಂತೆ ಹಿಂದೆ ಮುಂದೆ ತೂಗುತ್ತ, ನಾಲ್ಕಾರು ಹಂಪು ದಾಟುವಷ್ಟರಲ್ಲಿ ಹೊಟ್ಟೆ ತೊಳಸತೊಡಗುತ್ತದೆ.

ಆದ್ದರಿಂದ ತರಬೇತಿ ಶಾಲೆಗಳವರಲ್ಲಿ ವಿನಂತಿಯೆಂದರೆ, ವಿದ್ಯುತ್ ಕಾರಿನಲ್ಲಿ ಕಲಿಸುವಾಗ ಮೊದಲ ವಾರ ರಿಜೆನ್ನನ್ನು ಅತಿ ಕಡಿಮೆ ಹಂತದಲ್ಲಿಟ್ಟು, ಪ್ರತಿ ನಿಲುಗಡೆಯನ್ನೂ ಬ್ರೇಕ್ ಪೆಡಲಿನಿಂದಲೇ ಮಾಡಿಸಿ, ಬಯಲಿನಲ್ಲಿ ಒಮ್ಮೆಯಾದರೂ ಪೂರ್ತಿ ಬಲದಿಂದ ಬ್ರೇಕ್ ಒತ್ತಿಸಿ ತೋರಿಸಬೇಕು. ಒಂದೇ ಪೆಡಲಿನ ಪಾಠ ಆಮೇಲೆ ಬರಲಿ. ಮಾಲೀಕರು ಹೊಸ ಚಾಲಕನ ಕೈಗೆ ಕೀಲಿ ಕೊಡುವಾಗ ಆ ಗಾಡಿ ತಾನಾಗಿ ನಿಲ್ಲುತ್ತದೆಯೋ ತೆವಳುತ್ತದೆಯೋ ಎಂಬುದನ್ನು ಬಾಯಿಬಿಟ್ಟು ಹೇಳಬೇಕು. ಚಾಲಕರು ವಾರಕ್ಕೊಮ್ಮೆ, ಹಿಂದೆ ಮುಂದೆ ಯಾರೂ ಇಲ್ಲದ ನೇರ ರಸ್ತೆಯಲ್ಲಿ ಬ್ರೇಕ್ ಪೆಡಲನ್ನು ನಾಲ್ಕೈದು ಸಲ ಗಟ್ಟಿಯಾಗಿ ಒತ್ತಿ ನಿಲ್ಲಿಸಬೇಕು. ಡಿಸ್ಕಿನ ತುಕ್ಕು ಉದುರುತ್ತದೆ, ಬಲಗಾಲಿಗೂ ಬ್ರೇಕ್ ಎಲ್ಲಿದೆಯೆಂಬುದು ಮರೆಯುವುದಿಲ್ಲ.